ಅಂತರ್ಜಾಲ ಸಂಪರ್ಕ ನಿಂತಾಗ: ಮೋಡೆಮ್ ಹಾಗೂ ರೂಟರ್‌ಗಳ ದೋಷ ಪತ್ತೆ

ಮಾಸಿಕ ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಕೆಗೆ ಮುಂದಿನ ತಿಂಗಳ 20ನೆಯ ತಾರೀಖು ಕಡೆಯ ದಿನವಾಗಿರುತ್ತದೆ. ತಡವಾದರೆ ದಿನವೊಂದಕ್ಕೆ 50 ರೂಪಾಯಿ ವಿಳಂಬ ಶುಲ್ಕವನ್ನೂ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯನ್ನೂ ತೆರಬೇಕಾಗುತ್ತದೆ. ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಪದ್ಧತಿಯನ್ನು 2018ರ ಏಪ್ರಿಲ್ 1ರಂದು ದೇಶದಲ್ಲಿ ಮೊದಲು ಜಾರಿಗೆ ತಂದದ್ದು ಕರ್ನಾಟಕವೇ. ಅಂದಿನಿಂದ ಲಾರಿಗೆ ಸರಕು ತುಂಬಿದ್ದರೂ ಗಣಕಯಂತ್ರ ಸುಮ್ಮನಿದ್ದರೆ ಲಾರಿಯೂ ಸುಮ್ಮನೆ ನಿಲ್ಲಬೇಕಾಗಿದೆ. ಮನೆಯಲ್ಲಿ ಅಂತರ್ಜಾಲ ನಿಂತರೆ ಬೇಸರವಷ್ಟೇ. ಮಳಿಗೆಯಲ್ಲಿ ಅಥವಾ ಕಾರ್ಖಾನೆಯಲ್ಲಿ ನಿಂತರೆ ನಷ್ಟ. ಆದರೂ ಬಹುಪಾಲು ಸಣ್ಣ ಉದ್ದಿಮೆಗಳಲ್ಲಿ ಬಳಕೆಯಲ್ಲಿರುವುದು ಮನೆಬಳಕೆಯ ಮೋಡೆಮ್ ಮತ್ತು ರೂಟರ್‌ಗಳೇ ಆಗಿವೆ.

ತುರ್ತು ಕೆಲಸವಿದ್ದಲ್ಲಿ ಮೊದಲು ಮೊಬೈಲ್ ದೂರವಾಣಿಯ ಹಾಟ್‌ಸ್ಪಾಟ್ ಮೂಲಕ ಅದನ್ನು ಮುಗಿಸಿಕೊಳ್ಳುವುದು ಜಾಣತನ. ದೋಷ ಹುಡುಕುವ ಕಾರ್ಯ ಆಮೇಲಿನದು. ಜೊತೆಗೆ, ದೋಷ ತಮ್ಮಲ್ಲಿಯೇ ಇದೆಯೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಇತರ ತಾಣಗಳೆಲ್ಲ ತೆರೆದು ತೆರಿಗೆ ಪೋರ್ಟಲ್ ಮಾತ್ರ ತೆರೆಯದಿದ್ದರೆ ರೂಟರ್ ನಿರಪರಾಧಿ. ಹಳೆಯ ಗಣಕಯಂತ್ರಗಳಲ್ಲಿ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಬರಿದಾಗಿ ದಿನಾಂಕ ಹಿಂದಕ್ಕೆ ಹೋಗುವುದುಂಟು. ಆಗ ಬ್ಯಾಂಕು ಹಾಗೂ ಸರಕಾರದ ಸುರಕ್ಷಿತ ತಾಣಗಳು ತೆರೆಯಲು ನಿರಾಕರಿಸುತ್ತವೆ. ದಿನಾಂಕ ಸರಿಪಡಿಸಿದರೆ ಸಾಕು.

ಫೈಬರ್ ಸಂಪರ್ಕವಿರುವ ಕಡೆ ಗೋಡೆಯ ಮೇಲಿನ ಪೆಟ್ಟಿಗೆಯ ದೀಪಗಳೇ ಅರ್ಧ ಉತ್ತರವನ್ನು ಹೇಳುತ್ತವೆ. 'ಲಾಸ್' ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಹೊರಗಿನಿಂದ ಬೆಳಕಿನ ಸಂಕೇತ ಬರುತ್ತಿಲ್ಲವೆಂದೇ ಅರ್ಥ. ಪೆಟ್ಟಿಗೆಯನ್ನು ಎಷ್ಟು ಬಾರಿ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ. ರಸ್ತೆ ಅಗೆತದಲ್ಲಿ ಕೇಬಲ್ ತುಂಡಾಗಿರಬಹುದು. ಒಳಗಿನ ತೆಳು ಹಳದಿ ತಂತಿ ಮೇಜಿನ ಕಾಲಿನಡಿ ಮಡಚಿರಬಹುದು. ಗೋದಾಮಿನ ಇಲಿ ಕಡಿದಿರಲೂಬಹುದು. ತಂತಿ ಚೂಪಾಗಿ ಮಡಚಿದ್ದರೆ ಬಿಡಿಸಿ ನೋಡಬಹುದಾದರೂ ಅದರ ತುದಿಯನ್ನು ಬೆರಳಿನಿಂದ ಒರೆಸಬಾರದು, ಕಣ್ಣಿಗೆ ಹಿಡಿದು ನೋಡಲೇಬಾರದು. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. 'ಪಾನ್' ದೀಪ ಸ್ಥಿರವಾಗಿ ಹಸಿರಾಗಿದ್ದು ಅಂತರ್ಜಾಲದ ದೀಪ ಮಾತ್ರ ಆರಿದ್ದರೆ ಕೇಬಲ್ ಸರಿಯಿದೆ. ತೊಂದರೆ ಲಾಗಿನ್‌ನಲ್ಲಿ, ಬಾಕಿ ಬಿಲ್ಲಿನಲ್ಲಿ ಅಥವಾ ಸೇವಾ ಸಂಸ್ಥೆಯ ಕಡೆಯಲ್ಲಿದೆ. ಸಂಪರ್ಕ ಪದೇ ಪದೇ ಕಡಿದು ಬರುತ್ತಿದ್ದರೆ ಪೆಟ್ಟಿಗೆಯ ಪುಟವನ್ನು (ಸಾಮಾನ್ಯವಾಗಿ 192.168.1.1) ತೆರೆದು ಸ್ವೀಕೃತ ಬೆಳಕಿನ ಪ್ರಮಾಣವನ್ನು ನೋಡಬಹುದು. ಅದು ಮೈನಸ್ 27 ಡಿಬಿಎಂ ಸಮೀಪಿಸಿದ್ದರೆ ಸಂಕೇತ ಕ್ಷೀಣಿಸಿದೆ. ಈ ಅಂಕಿಯನ್ನು ದೂರಿನಲ್ಲಿ ತಿಳಿಸಿದರೆ 'ಆರಿಸಿ ಹಚ್ಚಿ ನೋಡಿ' ಎಂಬ ಉತ್ತರ ಮತ್ತೆ ಬಾರದು.

ತಾಮ್ರದ ದೂರವಾಣಿ ತಂತಿಯ ಸಂಪರ್ಕ ಉಳಿದಿರುವ ಕಡೆ ಪರೀಕ್ಷೆ ಇನ್ನೂ ಸುಲಭ. ರಿಸೀವರ್ ಎತ್ತಿದಾಗ ಗೊರಗೊರ ಸದ್ದು ಕೇಳಿದರೆ ತಂತಿಯ ಜೋಡಣೆಗೆ ನೀರಿಳಿದಿದೆ ಎಂದು ತಿಳಿಯಬಹುದು.

ಕೈಗಾರಿಕಾ ವಸಾಹತುಗಳಲ್ಲಿ ಬಹಳವಾಗಿ ಕಂಡುಬರುವ, ಆದರೆ ಯಾರೂ ಶಂಕಿಸದ ಅಪರಾಧಿಯೆಂದರೆ ವಿದ್ಯುತ್ ಅಡಾಪ್ಟರ್. ವೋಲ್ಟೇಜ್ ಏರಿಳಿತ ಹಾಗೂ ಜನರೇಟರ್ ಬದಲಾವಣೆಯ ಹೊಡೆತಕ್ಕೆ ಅದು ಕ್ರಮೇಣ ದುರ್ಬಲಗೊಳ್ಳುತ್ತದೆ. ದೀಪಗಳೆಲ್ಲ ಉರಿಯುತ್ತಿರುತ್ತವೆ, ಆದರೆ ಬಳಕೆ ಹೆಚ್ಚಾದೊಡನೆ ರೂಟರ್ ತಾನಾಗಿ ಮರುಚಾಲನೆಗೊಳ್ಳುತ್ತದೆ. ಬದಲಿ ಅಡಾಪ್ಟರ್ ಕೊಳ್ಳುವಾಗ ವೋಲ್ಟ್ ಹಾಗೂ ಪಿನ್ನಿನ ಧ್ರುವತೆ ಮೂಲದಲ್ಲಿರುವಂತೆಯೇ ಇರತಕ್ಕದ್ದು. ಆಂಪಿಯರ್ ಸಮನಾಗಿರಬೇಕು ಇಲ್ಲವೇ ಹೆಚ್ಚಿರಬೇಕು. 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಅಳವಡಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಆರಿಸಿ ಹಚ್ಚುವುದಕ್ಕೂ ಒಂದು ಕ್ರಮವುಂಟು. ಎಲ್ಲವನ್ನೂ ಆರಿಸಿ ಅರ್ಧ ನಿಮಿಷ ಬಿಟ್ಟು ಮೊದಲು ಮೋಡೆಮ್ ಅಥವಾ ಫೈಬರ್ ಪೆಟ್ಟಿಗೆಯನ್ನು ಹಚ್ಚಬೇಕು. ಅದರ ದೀಪಗಳು ಸ್ಥಿರಗೊಂಡ ನಂತರ ರೂಟರನ್ನೂ ಕೊನೆಗೆ ಗಣಕಯಂತ್ರವನ್ನೂ ಚಾಲನೆಗೊಳಿಸಬೇಕು. ಆದರೆ ಹಿಂಬದಿಯ ಸಣ್ಣ ರಂಧ್ರದಲ್ಲಿರುವ 'ರೀಸೆಟ್' ಗುಂಡಿಯ ವಿಷಯವೇ ಬೇರೆ. ಅದನ್ನು ಗುಂಡುಸೂಜಿಯಿಂದ ಕೆಲ ಕ್ಷಣ ಒತ್ತಿ ಹಿಡಿದರೆ ಸೇವಾ ಸಂಸ್ಥೆ ನೀಡಿದ ಬಳಕೆದಾರ ಹೆಸರು, ಗುಪ್ತಪದ ಮೊದಲಾದ ಎಲ್ಲ ಹೊಂದಾಣಿಕೆಗಳೂ ಅಳಿಸಿಹೋಗುತ್ತವೆ. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋಗಬಹುದಾಗಿದ್ದ ತೊಂದರೆ, ಉತ್ಸಾಹಿ ಗುಮಾಸ್ತರೊಬ್ಬರ ಗುಂಡುಸೂಜಿಯಿಂದ ಎರಡು ದಿನಕ್ಕೆ ಬೆಳೆಯುವುದು ಹೀಗೆಯೇ. ಈ ವಿವರಗಳನ್ನು ಮೊದಲೇ ಬರೆದು ಲೆಕ್ಕಪತ್ರಗಳ ಜೊತೆ ಭದ್ರವಾಗಿರಿಸಿಕೊಳ್ಳುವುದು ಒಳಿತು.

ಗಣಕಯಂತ್ರವನ್ನು ಲ್ಯಾನ್ ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿದಾಗ ಸಂಪರ್ಕ ಚೆನ್ನಾಗಿದ್ದು, ವೈಫೈನಲ್ಲಿ ಮಾತ್ರ ಕುಂಟುತ್ತಿದ್ದರೆ ದೋಷ ನಿಸ್ತಂತು ಭಾಗದಲ್ಲಿದೆ. ಕಬ್ಬಿಣದ ರ‍್ಯಾಕುಗಳು, ಉಕ್ಕಿನ ಬೀರುಗಳು, ತಗಡಿನ ಗೋಡೆಗಳು ರೇಡಿಯೋ ಅಲೆಗಳನ್ನು ತಡೆಯುತ್ತವೆ. ಆದುದರಿಂದ ರೂಟರನ್ನು ಬೀರುವಿನ ಹಿಂದೆ ಅಥವಾ ಗಲ್ಲಾಪೆಟ್ಟಿಗೆಯ ಕೆಳಗೆ ಅಡಗಿಸಿಡದೆ ಎತ್ತರದಲ್ಲಿ, ತೆರವಾದ ಜಾಗದಲ್ಲಿ ಇರಿಸಬೇಕು. 2.4 ಗಿಗಾಹರ್ಟ್ಸ್ ಅಲೆ ದೂರ ತಲುಪುತ್ತದೆ, ಆದರೆ ಅಕ್ಕಪಕ್ಕದ ಮಳಿಗೆಗಳ ರೂಟರುಗಳೂ ಅದರಲ್ಲೇ ಕಿಕ್ಕಿರಿದಿರುತ್ತವೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. 5 ಗಿಗಾಹರ್ಟ್ಸ್ ವೇಗದ್ದು, ಗೋಡೆ ದಾಟುವಲ್ಲಿ ಹಿಂದೆ. ಕೆಲವು ಹಳೆಯ ಪ್ರಿಂಟರ್ ಹಾಗೂ ಕಾರ್ಡ್ ಯಂತ್ರಗಳಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲವೆಂಬುದನ್ನು ನೆನಪಿಡಬೇಕು. ಬಿಲ್ಲಿಂಗ್ ಯಂತ್ರಕ್ಕಂತೂ ಕೇಬಲ್ ಜೋಡಿಸುವುದೇ ಲೇಸು. ಅದರ ಉದ್ದ 100 ಮೀಟರ್ ಮೀರಬಾರದು.

ಗೋದಾಮಿಗೆಂದು ಎರಡನೆಯ ರೂಟರ್ ತಂದು ಜೋಡಿಸಿದ ಮೇಲೆ ತೊಂದರೆ ಆರಂಭವಾಗಿದ್ದರೆ ಕಾರಣ ಬಹುತೇಕ ಒಂದೇ: ಎರಡೂ ರೂಟರುಗಳು ಯಂತ್ರಗಳಿಗೆ ವಿಳಾಸ ಹಂಚತೊಡಗಿರುತ್ತವೆ. ಎರಡನೆಯದರ ಡಿಎಚ್‌ಸಿಪಿ ನಿಲ್ಲಿಸಿ, ಅದಕ್ಕೆ ಬೇರೊಂದು ವಿಳಾಸ ಕೊಟ್ಟು, ಆಕ್ಸೆಸ್ ಪಾಯಿಂಟ್ ಆಗಿ ಮಾತ್ರ ಬಳಸಬೇಕು. ಗಣಕಯಂತ್ರದ ವಿಳಾಸ 169.254 ಎಂದು ಆರಂಭವಾಗುತ್ತಿದ್ದರೆ ಅದಕ್ಕೆ ಯಾರಿಂದಲೂ ವಿಳಾಸ ದೊರೆತಿಲ್ಲ ಎಂದರ್ಥ.

ವೇಗದ ಬಗ್ಗೆ ದೂರುವ ಮುನ್ನ ಲೆಕ್ಕವೊಂದನ್ನು ಗಮನಿಸಬೇಕು. 100 ಮೆಗಾಬಿಟ್ ಯೋಜನೆಯಲ್ಲಿ ಕಡತವೊಂದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ. 8 ಬಿಟ್‌ಗಳು ಸೇರಿ ಒಂದು ಬೈಟ್. 300ರ ಯೋಜನೆಗೆ ಹಣ ತೆತ್ತೂ ಕೇಬಲ್ ಮೂಲಕ ಅಳೆದಾಗ ಸರಿಯಾಗಿ 100ರ ಒಳಗೇ ನಿಲ್ಲುತ್ತಿದ್ದರೆ ಲ್ಯಾನ್ ಕೇಬಲಿನ ನಾಲ್ಕು ಜೋಡಿ ತಂತಿಗಳಲ್ಲಿ ಯಾವುದೋ ಒಂದು ತುಂಡಾಗಿರುವ, ಇಲ್ಲವೇ ರೂಟರಿನ ಪೋರ್ಟೇ ಹಳೆಯ ಮಾದರಿಯದಾಗಿರುವ ಸಾಧ್ಯತೆ ಹೆಚ್ಚು.

ಇಷ್ಟಾದ ಮೇಲೂ ಸಂಪರ್ಕ ಬಾರದಿದ್ದಲ್ಲಿ ಸೇವಾ ಸಂಸ್ಥೆಯ ದೂರು ಕೇಂದ್ರಕ್ಕೆ ಸಂಪರ್ಕ ಕಡಿದ ವೇಳೆ ಹಾಗೂ ದೀಪಗಳ ಸ್ಥಿತಿಯನ್ನು ತಿಳಿಸಿ, ಡಾಕೆಟ್ ಸಂಖ್ಯೆಯನ್ನು ತಪ್ಪದೆ ಕೇಳಿ ಪಡೆಯಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಾವಳಿಯಂತೆ, ದೂರು ಇತ್ಯರ್ಥವಾಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅವಕಾಶವಿದೆ. ಅಲ್ಲಿ ಮೊದಲು ಕೇಳುವುದು ಆ ಸಂಖ್ಯೆಯನ್ನೇ.