ಹೊಗೆ ಎದ್ದರೂ ಚಹಾ ನಿಲ್ಲುವುದಿಲ್ಲ

ತೋಟದಲ್ಲಿ ಕೂತು ಎಡಿತ್ ತನ್ನ ಗಂಡ ಹೆನ್ರಿಯ ಬಗ್ಗೆ ಅತಿಥಿಯೊಂದಿಗೆ ಮಾತಾಡುತ್ತಿದ್ದಾಳೆ. ಹಿಂದಿನ ಗೋಡೆಯಾಚೆ ಹೊಗೆ ಏಳುತ್ತದೆ. ಫೋಟೊ ತೊಳೆಯುವ ಕತ್ತಲಕೋಣೆಯ ದೀಪಕ್ಕೆ ಸೀಮೆಎಣ್ಣೆ ಬದಲು ಪೆಟ್ರೋಲ್ ತುಂಬಿಸಿಟ್ಟವನು ಆ ಅತಿಥಿಯೇ. ಹೆನ್ರಿ ಸತ್ತನೆಂದು ಅವನಿಗೆ ಗೊತ್ತು. ಆದರೆ ಮಾತಿನ ನಡುವೆ ಹಾಗೆಲ್ಲ ಹೇಳುವುದು ಮರ್ಯಾದೆಯಲ್ಲ ನೋಡಿ, ಸತ್ತವನ ಭವಿಷ್ಯದ ಚರ್ಚೆಯನ್ನು ಮುಂದುವರಿಸುತ್ತಾನೆ!

1949ರ 'ಕೈಂಡ್ ಹಾರ್ಟ್ಸ್ ಆ್ಯಂಡ್ ಕೊರೊನೆಟ್ಸ್' ಚಿತ್ರದ ದೃಶ್ಯವಿದು. ನಿರ್ದೇಶಕ ರಾಬರ್ಟ್ ಹೇಮರ್, ನಿರ್ಮಾಣ ಲಂಡನ್ನಿನ ಈಲಿಂಗ್ ಸ್ಟುಡಿಯೊಸ್. ಪ್ರೇಮವಿವಾಹವಾದಳೆಂದು ತಾಯಿಯನ್ನು ಹೊರಹಾಕಿ, ಸತ್ತಾಗ ಕುಟುಂಬದ ಸಮಾಧಿಯಲ್ಲೂ ಜಾಗ ಕೊಡದ ಶ್ರೀಮಂತ ಮನೆತನದ ಮೇಲೆ ಲೂಯಿ ಎಂಬ ಬಟ್ಟೆ ಅಂಗಡಿ ನೌಕರ ತೀರಿಸಿಕೊಳ್ಳುವ ಸೇಡು ಇದರ ಕಥೆ. ಆ ಮನೆತನದ ಎಂಟು ಮಂದಿಯಾಗಿ, ಹೆಂಗಸಾಗಿಯೂ ನಟಿಸಿದ್ದು ಅಲೆಕ್ ಗಿನ್ನೆಸ್ ಒಬ್ಬರೇ. ಕೊಲೆಗಾರನ ಪಕ್ಷ ವಹಿಸಿ ನಗುತ್ತಿದ್ದೇನೆಂದು ನೋಡುವವನಿಗೆ ಹೊಳೆಯುವುದು ತಡವಾಗಿ.

ನನಗೆ ಹೆಚ್ಚು ಕಾಡುವುದು ನೇಣಿನವನು. ಡ್ಯೂಕ್ ಒಬ್ಬನನ್ನು ಗಲ್ಲಿಗೇರಿಸುವ ಭಾಗ್ಯ ಸಿಕ್ಕಿತೆಂದು ಅವನಿಗೆ ಸಂಭ್ರಮ. ಒಮ್ಮೆ ರೇಷ್ಮೆ ಹಗ್ಗ ಹಿಡಿದ ಮೇಲೆ ಸೆಣಬಿನ ಹಗ್ಗ ರುಚಿಸುವುದಿಲ್ಲವೆಂದು ನಿವೃತ್ತಿಯ ಯೋಚನೆ ಬೇರೆ. ಇದು ಬರೀ ತಮಾಷೆಯಲ್ಲ. ಆಗ ಬ್ರಿಟನ್ನಿನಲ್ಲಿ ಗಲ್ಲುಶಿಕ್ಷೆ ಜಾರಿಯಲ್ಲಿತ್ತು, ಕೊನೆಯ ನೇಣು ಬಿದ್ದದ್ದು 1964ರಲ್ಲಿ. ಚಿತ್ರಮಂದಿರದಲ್ಲಿ ನಕ್ಕ ಜನ ಬೆಳಿಗ್ಗೆ ಪತ್ರಿಕೆಯಲ್ಲಿ ಅದೇ ಸುದ್ದಿ ಓದುತ್ತಿದ್ದರು. ಅಂದಹಾಗೆ, ಅಮೆರಿಕದ ಪ್ರತಿಗೆ ಕೊನೆಯಲ್ಲಿ ಒಂದು ತುಣುಕು ಸೇರಿಸಿ, ಲೂಯಿ ಸಿಕ್ಕಿಬಿದ್ದನೆಂದು ಖಚಿತಪಡಿಸಿದರು. ಬ್ರಿಟಿಷ್ ಪ್ರತಿ ಅದನ್ನು ನಮ್ಮ ಊಹೆಗೇ ಬಿಡುತ್ತದೆ. ನನ್ನ ಮತ ಅದಕ್ಕೇ.

1955ರ 'ದಿ ಲೇಡಿಕಿಲ್ಲರ್ಸ್'ನಲ್ಲಿ ಐವರು ದರೋಡೆಕೋರರು ಸಂಗೀತಗಾರರ ವೇಷದಲ್ಲಿ ಒಬ್ಬ ಅಜ್ಜಿಯ ಮನೆ ಸೇರುತ್ತಾರೆ. ಗ್ರಾಮಫೋನ್ ಹಾಕಿಟ್ಟು ಸಂಚು ಹೂಡುತ್ತಾರೆ. ಗುಟ್ಟು ರಟ್ಟಾದ ಮೇಲೂ ಅಜ್ಜಿಯ ಗೆಳತಿಯರು ಬಂದರೆಂದು ವಿಧೇಯರಾಗಿ ಚಹಾಕ್ಕೆ ಕೂರಬೇಕಾಗುತ್ತದೆ. ಅಜ್ಜಿಯನ್ನು ಕೊಲ್ಲಲು ಒಬ್ಬನಿಗೂ ಕೈ ಬರುವುದಿಲ್ಲ, ಒಬ್ಬರನ್ನೊಬ್ಬರು ಮುಗಿಸಿಕೊಳ್ಳಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಅರ್ಮಾಂಡೊ ಇಯಾನುಚಿಯ 2017ರ 'ದಿ ಡೆತ್ ಆಫ್ ಸ್ಟಾಲಿನ್' ಇದೇ ವಂಶದ್ದು. ಸರ್ವಾಧಿಕಾರಿ ನೆಲಕ್ಕೆ ಬಿದ್ದಿದ್ದಾನೆ. ಬಾಗಿಲ ಹೊರಗಿನ ಕಾವಲುಗಾರರು ಸದ್ದು ಕೇಳಿಯೂ ಒಳಗೆ ಹೋಗಲಾರರು. ಸಮಿತಿ ಸೇರಿ ವೈದ್ಯರನ್ನು ಕರೆಯಬೇಕೇ ಎಂದು ಚರ್ಚಿಸುತ್ತದೆ, ಒಳ್ಳೆಯ ವೈದ್ಯರೆಲ್ಲ ಆಗಲೇ ಜೈಲಿನಲ್ಲೋ ಮಸಣದಲ್ಲೋ! ಮ್ಯಾನೇಜರ್ ಮುಖ ನೋಡಿಕೊಂಡು ಕೈ ಎತ್ತುವ ನಮ್ಮ ಐಟಿ ಮಂದಿಗೆ ಆ ಮೀಟಿಂಗ್ ಹೊಸದೆನಿಸುವುದಿಲ್ಲ. ರಷ್ಯಾ ಸರ್ಕಾರಕ್ಕೆ ಮಾತ್ರ ನಗು ಬರಲಿಲ್ಲ. 2018ರ ಜನವರಿಯಲ್ಲಿ, ಬಿಡುಗಡೆಯ ಹೊಸ್ತಿಲಲ್ಲೇ ಪರವಾನಗಿ ಹಿಂಪಡೆಯಿತು.

ಇಲ್ಲಿನ ಗೆಳೆಯರು ಕೇಳುತ್ತಾರೆ, ಸಾವಿನಲ್ಲಿ ನಗುವುದೇನಿದೆ ಅಂತ. ಅವರಿಗೆ ಮೊದಲು ನಮ್ಮ 'ತಿಥಿ' ತೋರಿಸುತ್ತೇನೆ. ಸೆಂಚುರಿ ಗೌಡರ ಹನ್ನೊಂದನೇ ದಿನದ ಕಾರ್ಯಕ್ಕೆ ನಕ್ಕವರಿಗೆ ಈಲಿಂಗ್ ದೂರವಲ್ಲ. ಶುರು ಮಾಡುವುದಾದರೆ 'ಲೇಡಿಕಿಲ್ಲರ್ಸ್'ನಿಂದ ಮಾಡಿ. ಹುಡುಕುವಾಗ ಇಸವಿ ನೋಡಿಕೊಳ್ಳಿ, 2004ರ ಹಾಲಿವುಡ್ ರೀಮೇಕ್ ಮೊದಲು ಕಣ್ಣಿಗೆ ಬೀಳುತ್ತದೆ.