ಹವಳದ ತೊಟ್ಟಿಯಲ್ಲಿ ಪಿಎಚ್ ಇಳಿದರೆ ಮೊದಲು ಕಿಟಕಿ ತೆರೆಯಿರಿ

ಭಾಗ್ಯನಗರಕ್ಕೆ ಕಡಲು ನೂರಾರು ಕಿಲೋಮೀಟರು ದೂರ. ಆದರೂ ನಗರದ ಕೆಲವು ಮನೆಗಳ ಪಡಸಾಲೆಯಲ್ಲಿ ಉಪ್ಪುನೀರಿನ ಪುಟ್ಟ ಅಕ್ವೇರಿಯಂಗಳು ಸ್ಥಾನ ಪಡೆದಿವೆ. ಅರವತ್ತೋ ನೂರೋ ಲೀಟರು ನೀರಿನಲ್ಲಿ ಹವಳ, ಮೀನು, ಸೀಗಡಿಗಳನ್ನು ಸಾಕುವ ಈ ಹವ್ಯಾಸದಲ್ಲಿ ಬಹಳ ಮಂದಿ ಎದುರಿಸುವ ತೊಡಕೆಂದರೆ ನೀರಿನ ಪಿಎಚ್ ಕುಸಿತ. ಕೂಡಲೇ ಅಂಗಡಿಗೆ ಹೋಗಿ ಪಿಎಚ್ ಏರಿಸುವ ಪುಡಿ ತರುವುದು ರೂಢಿ. ಆದರೆ ದೋಷವು ಅನೇಕ ವೇಳೆ ನೀರಿನಲ್ಲಿರದೆ ಮನೆಯ ಗಾಳಿಯಲ್ಲಿರುತ್ತದೆ. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಪಿಎಚ್ ಎಂದರೇನು?

ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆಯೇ ಪಿಎಚ್. 7 ಎಂದರೆ ತಟಸ್ಥ. ಹವಳದ ತೊಟ್ಟಿಗೆ 7.8ರಿಂದ 8.4ರವರೆಗೆ ಒಪ್ಪುತ್ತದೆ, 8.1ರಿಂದ 8.3 ಉತ್ತಮ. ಅಂಕಿಗಳ ಅಂತರ ಅಲ್ಪವೆಂದು ಕಡೆಗಣಿಸುವಂತಿಲ್ಲ. 8.2 ಇದ್ದುದು 7.9ಕ್ಕೆ ಇಳಿದರೆ ನೀರಿನಲ್ಲಿ ಹೈಡ್ರೋಜನ್ ಅಯಾನುಗಳ ಪ್ರಮಾಣ ಇಮ್ಮಡಿಯಾಗುತ್ತದೆ. ಗಟ್ಟಿ ಹವಳಗಳು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ತಮ್ಮ ಗೂಡನ್ನು ಕಟ್ಟಿಕೊಳ್ಳುತ್ತವೆ. ಅಂಥ ನೀರಿನಲ್ಲಿ ಆ ಕೆಲಸ ಅವಕ್ಕೆ ಪ್ರಯಾಸಕರವಾಗಿ, ಬೆಳವಣಿಗೆ ಕುಂಠಿತವಾಗುತ್ತದೆ.

ಇಳಿಯುವುದೇಕೆ?

ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ದಾಟುತ್ತದೆ. ಬಾಗಿಲು ಕಿಟಕಿಗಳನ್ನು ಮುಚ್ಚಿ ಎ.ಸಿ. ಹಾಕಿಕೊಳ್ಳುತ್ತೇವೆ. ಸಾಮಾನ್ಯ ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ತಂಪಾಗಿಸಿ ಮರಳಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ. ಮನೆಮಂದಿಯ ಉಸಿರು, ಅಡುಗೆ ಒಲೆಯ ಉರಿ ಎರಡರಿಂದಲೂ ಇಂಗಾಲದ ಡೈಆಕ್ಸೈಡ್ ಒಳಗೇ ಸೇರುತ್ತದೆ. ಹೊರಗಿನ ಗಾಳಿಯಲ್ಲಿ ಇದು ಹತ್ತು ಲಕ್ಷಕ್ಕೆ 420 ಭಾಗಕ್ಕಿಂತ ತುಸು ಹೆಚ್ಚಿದ್ದರೆ, ಮುಚ್ಚಿದ ಕೋಣೆಯಲ್ಲಿ ಸಾವಿರವನ್ನು ಸುಲಭವಾಗಿ ಮೀರುತ್ತದೆ. ಈ ಅನಿಲ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಪಿಎಚ್ ಇಳಿಯುತ್ತದೆ.

ಇರುಳಿನಲ್ಲಿ ಇನ್ನೊಂದು ಕಾರಣ ಕೂಡಿಕೊಳ್ಳುತ್ತದೆ. ದೀಪ ಆರಿದಾಗ ಪಾಚಿಯ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಜೀವಿಗಳ ಉಸಿರಾಟ ಮಾತ್ರ ನಡೆದೇ ಇರುತ್ತದೆ. ಆದಕಾರಣ ಬೆಳಗ್ಗೆ ದೀಪ ಹಚ್ಚುವ ಮುನ್ನ ಪಿಎಚ್ ಅತಿ ಕಡಿಮೆ, ಸಂಜೆ ಅತಿ ಹೆಚ್ಚು. ದಿನಕ್ಕೊಮ್ಮೆ ಅಳೆದು ಗಾಬರಿಯಾಗುವುದು ಸಲ್ಲದು.

ಒಂದು ಸರಳ ಪರೀಕ್ಷೆ

ಮೊದಲು ಪಿಎಚ್ ಮೀಟರನ್ನು 7 ಮತ್ತು 10ರ ಪ್ರಮಾಣ ದ್ರಾವಣಗಳಲ್ಲಿ ಸರಿಹೊಂದಿಸಿಕೊಳ್ಳಬೇಕು. ತೊಟ್ಟಿಯ ನೀರನ್ನು ಎರಡು ಲೋಟಗಳಲ್ಲಿ ತೆಗೆದು ಪಿಎಚ್ ಅಳೆಯಿರಿ. ಒಂದನ್ನು ಬಾಲ್ಕನಿಯಲ್ಲಿಯೂ ಇನ್ನೊಂದನ್ನು ಕೋಣೆಯಲ್ಲಿಯೂ ಇಟ್ಟು, ಚಿಕ್ಕ ಗಾಳಿ ಪಂಪಿನಿಂದ ಒಂದು ಗಂಟೆ ಗುಳ್ಳೆ ಹಾಯಿಸಿ ಮತ್ತೆ ಅಳೆಯಿರಿ. ಹೊರಗಿನ ಲೋಟದಲ್ಲಿ ಮಾತ್ರ ಪಿಎಚ್ ಏರಿದ್ದರೆ ದೋಷ ಕೋಣೆಯ ಗಾಳಿಯದು. ಎರಡರಲ್ಲೂ ಏರಿದ್ದರೆ ತೊಟ್ಟಿಯ ನೀರಿಗೆ ಗಾಳಿಯಾಡುತ್ತಿಲ್ಲ. ಎರಡರಲ್ಲೂ ಏರದಿದ್ದರೆ ನೀರಿನ ಕ್ಷಾರತೆ ಕುಗ್ಗಿರಬಹುದು. ಅದು 8ರಿಂದ 10 ಡಿಕೆಎಚ್ ಇದೆಯೇ ಎಂದು ನೋಡಬೇಕು.

ಪರಿಹಾರಗಳು

ಮುಂಜಾನೆ ಮತ್ತು ರಾತ್ರಿ ಸ್ವಲ್ಪ ಹೊತ್ತು ಕಿಟಕಿ ತೆರೆಯುವುದೇ ಖರ್ಚಿಲ್ಲದ ಮೊದಲ ಮದ್ದು. ಪ್ರೋಟೀನ್ ಸ್ಕಿಮ್ಮರಿನ ಗಾಳಿ ಕೊಳವೆಯನ್ನು ಕಿಟಕಿಯಾಚೆಗೆ ಹಾಯಿಸಿದರೆ ಹೊರಗಿನ ಗಾಳಿಯೇ ನೀರಿಗೆ ದೊರೆಯುತ್ತದೆ. ಮನೆಯಲ್ಲಿ ಕೀಟನಾಶಕ ಸಿಂಪಡಿಸುವಾಗ ಅಥವಾ ಹೊರಗೆ ಸೊಳ್ಳೆಯ ಹೊಗೆ ಬಿಡುವಾಗ ಮಾತ್ರ ಎಚ್ಚರ ಅಗತ್ಯ.

ಇನ್ನೊಂದು ಉಪಾಯ ಸುಣ್ಣದ ತಿಳಿನೀರು. ಒಂದು ಲೀಟರು ಆರ್.ಓ. ನೀರಿಗೆ ಸುಮಾರು ಒಂದೂವರೆ ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೆರೆಸಿ, ಗಷ್ಟು ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಇರುಳಿನಲ್ಲಿ ಹನಿಹನಿಯಾಗಿ ಬಿಡಬೇಕು. ಆವಿಯಾದ ನೀರಿನ ಪ್ರಮಾಣವನ್ನು ಮೀರಬಾರದು. ಕ್ಷಾರತೆಯನ್ನೂ ಆಗಾಗ ಅಳೆಯುತ್ತಿರಬೇಕು. ಎಲೆಯಡಿಕೆಯ ಸುಣ್ಣವೂ ಇದೇ ವಸ್ತುವಾದರೂ ಅದರಲ್ಲಿ ಬೆರಕೆಯಿರಬಹುದು. ಅಕ್ವೇರಿಯಂಗೆಂದೇ ಮಾರುವ ಶುದ್ಧ ಪುಡಿಯೇ ಯೋಗ್ಯ. ಈ ತಿಳಿನೀರಿನ ಪಿಎಚ್ 12ಕ್ಕೂ ಹೆಚ್ಚು. ಕಣ್ಣಿಗೆ ಅಪಾಯಕಾರಿಯಾದ ಇದನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಮಾಡಬಾರದ್ದು

ಅಡುಗೆ ಸೋಡ ಸುರಿದರೆ ಕ್ಷಾರತೆ ಏರುತ್ತದೆ, ಪಿಎಚ್ ಹೆಚ್ಚೇನೂ ಏರುವುದಿಲ್ಲ. ಏರಲಿಲ್ಲವೆಂದು ಮತ್ತಷ್ಟು ಸುರಿದು ಹವಳಗಳನ್ನು ಕಳೆದುಕೊಳ್ಳುವ ಅಪಾಯವಿದೆ. ಚಿಕ್ಕ ತೊಟ್ಟಿಯಲ್ಲಿ ಒಂದು ಚಮಚದ ತಪ್ಪೂ ದೊಡ್ಡದೇ. 7.9ರಲ್ಲಿ ಸ್ಥಿರವಾಗಿ ನಿಂತ ನೀರು, ದಿನವೂ ಮೇಲೆ ಕೆಳಗೆ ಜಿಗಿಯುವ ನೀರಿಗಿಂತ ಲೇಸು.

ಹವಳ ಕೊಳ್ಳುವವರಿಗೆ ಇನ್ನೊಂದು ಮಾತು. ದಿಬ್ಬ ಕಟ್ಟುವ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೆಯ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತು ತಂದುದನ್ನು ಮಾರುವುದು ಅಪರಾಧ. ದಾಖಲೆ ಪತ್ರವಿಲ್ಲದೆ ಕೊಳ್ಳಬಾರದು.

ಕೋಣೆಯಲ್ಲಿ ನಡೆಯುವುದೇ ನಿಧಾನವಾಗಿ ಕಡಲಿನಲ್ಲಿಯೂ ನಡೆಯುತ್ತಿದೆ. ಕೈಗಾರಿಕಾ ಯುಗದ ಆರಂಭದಿಂದ ಸಾಗರದ ಮೇಲ್ಮೈ ನೀರಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ, ಕಾರಣ ಅದೇ ಇಂಗಾಲದ ಡೈಆಕ್ಸೈಡ್. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹವಳಗಳೂ ಇದೇ ಬದಲಾಗುತ್ತಿರುವ ಕಡಲಿನಲ್ಲಿವೆ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರವು ಕಡಲಿಲ್ಲದ ನಮ್ಮ ಹೈದರಾಬಾದಿನಲ್ಲಿಯೇ ಇದ್ದು, ಹವಳಗಳು ಬಿಳಿಚಿಕೊಳ್ಳುವ ಅಪಾಯದ ಮುನ್ಸೂಚನೆ ನೀಡುತ್ತದೆ. ಮನೆಯ ತೊಟ್ಟಿಯ ಪಿಎಚ್ಚನ್ನು ಬೆಳಗ್ಗೆ, ಸಂಜೆ ಅಳೆದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ ನೋಡಿ. ಒಂದು ತಿಂಗಳಲ್ಲಿ ತೊಟ್ಟಿಯ ಸ್ವಭಾವವೂ ಮನೆಯ ಗಾಳಿಯ ಸ್ಥಿತಿಯೂ ತಿಳಿದುಬರುತ್ತವೆ.