ಅಸಾತ್ಮ್ಯ ಉಗ್ರರೂಪ ತಾಳಿದಾಗ

ಸೋಲೂರಿನ ಸುತ್ತಲ ತೋಟಗಳಲ್ಲಿ ಕಡಜ ಕಚ್ಚುವುದು ಹೊಸದೇನಲ್ಲ. ತೆಂಗಿನ ಗರಿ ಕೀಳುವವರು, ಮಾವಿನ ತೋಪು ಕಾಯುವವರು ವರ್ಷಕ್ಕೊಮ್ಮೆಯಾದರೂ ಕಚ್ಚಿಸಿಕೊಳ್ಳುತ್ತಾರೆ. ಸುಣ್ಣವನ್ನೋ ಅರಿಸಿನವನ್ನೋ ಹಚ್ಚಿ ಮರುದಿನ ಕೆಲಸಕ್ಕೆ ಹೊರಡುತ್ತಾರೆ. ಹೆಚ್ಚಿನವರಿಗೆ ಅಷ್ಟೇ ಸಾಕು. ಯಾರಿಗೆ ಅಷ್ಟು ಸಾಲದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕುತ್ತಿಗೆಗೆ ಕಡಜ ಕಚ್ಚಿದ ಭಕ್ತರೊಬ್ಬರನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಮೈತುಂಬ ದದ್ದು, ತುಟಿ ಊದಿತ್ತು, ಒಮ್ಮೆ ವಾಂತಿಯಾಗಿತ್ತು. ಹಿಂದಿನ ವರ್ಷ ಕಚ್ಚಿದಾಗಲೂ ಮೈಯೆಲ್ಲ ಗಂಧೆ ಎದ್ದಿತ್ತೆಂದು ಮನೆಯವರು ಹೇಳಿದರು. ನಾವು ಅದನ್ನು ಶೀತಪಿತ್ತವೆಂದು ಬಗೆದು ಔಷಧ ಅರೆಸುವುದರಲ್ಲಿ ಹತ್ತು ನಿಮಿಷ ಕಳೆದೆವು. ಅವರ ದನಿ ಗೊಗ್ಗರಾದಾಗ ನಮಗೆ ಎಚ್ಚರವಾಯಿತು. ಜೀಪಿನ ಕಡೆಗೆ ನಡೆಸಿಕೊಂಡು ಹೋಗುವಾಗ ಅವರು ಬಾಗಿಲಲ್ಲೇ ಕುಸಿದರು. ಮಲಗಿಸಿಕೊಂಡು ನೆಲಮಂಗಲದ ಕಡೆಗೆ ಒಯ್ದೆವು. ಅಲ್ಲಿ ತೊಡೆಗೆ ಅಡ್ರಿನಾಲಿನ್ ಚುಚ್ಚುಮದ್ದು ಕೊಟ್ಟ ಮೇಲೆ ನಾಡಿ ಮರಳಿತು. ಅವರು ಬದುಕಿದರು, ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ. ಔಷಧ ಅರೆಸುತ್ತ ಕುಳಿತದ್ದು ಒಂದು ತಪ್ಪು, ನಡೆಸಿದ್ದು ಇನ್ನೊಂದು.

ಶೀತಪಿತ್ತವನ್ನು ನಮ್ಮ ಶಾಸ್ತ್ರ ಚೆನ್ನಾಗಿ ಬಲ್ಲದು. ಮಾಧವನಿದಾನವು ಅದರ ಬಾವನ್ನು ಕಡಜ ಕಚ್ಚಿದ ಬಾವಿಗೇ ಹೋಲಿಸುತ್ತದೆ. ದೀರ್ಘಕಾಲ ಕಾಡುವ ಗಂಧೆಗೆ ಹರಿದ್ರಾಖಂಡವನ್ನು ನಾವು ಇಂದಿಗೂ ಕೊಡುತ್ತೇವೆ. ಆದರೆ ಚರ್ಮದಲ್ಲಿ ನಿಲ್ಲದೆ ಉಸಿರು ಮತ್ತು ರಕ್ತಸಂಚಾರಗಳ ಮೇಲೆ ಬೀಳುವ ವ್ಯಾಧಿ ಬೇರೆಯೇ. ಅದು ಆತ್ಯಯಿಕ, ಅಂದರೆ ಕ್ಷಣಗಳನ್ನು ಎಣಿಸಬೇಕಾದ ಸ್ಥಿತಿ. ಅಲ್ಲಿ ಚೂರ್ಣ, ಲೇಹ್ಯ, ಕಷಾಯಗಳಿಗೆ ಕೆಲಸವಿಲ್ಲ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳಬೇಕು.

ಈ ಸ್ಥಿತಿಗೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟವರು ಫ್ರಾನ್ಸಿನ ಚಾರ್ಲ್ಸ್ ರಿಷೆ ಮತ್ತು ಪಾಲ್ ಪೋರ್ಟಿಯೆ, 1902ರಲ್ಲಿ. ಕಡಲ ಜೀವಿಯೊಂದರ ವಿಷವನ್ನು ನಾಯಿಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಅವು ವಿಷವನ್ನು ತಾಳಿಕೊಳ್ಳಬಹುದೆಂದು ಅವರು ಎಣಿಸಿದ್ದರು. ಆದದ್ದು ತಿರುಗುಮುರುಗು: ಮೊದಲ ಬಾರಿ ತಾಳಿಕೊಂಡಿದ್ದ ನಾಯಿಯೊಂದು ಸುಮಾರು ಮೂರು ವಾರಗಳ ನಂತರ ಕೊಟ್ಟ ಅಲ್ಪ ಪ್ರಮಾಣಕ್ಕೇ 25 ನಿಮಿಷಗಳಲ್ಲಿ ಸತ್ತಿತು. ರಿಷೆಗೆ 1913ರಲ್ಲಿ ನೊಬೆಲ್ ಬಂತು. ಮೊದಲ ಸಂಪರ್ಕದಲ್ಲಿ ದೇಹ ಆ ವಸ್ತುವನ್ನು ವೈರಿಯೆಂದು ಗುರುತಿಟ್ಟುಕೊಳ್ಳುತ್ತದೆ. ಮುಂದಿನ ಸಂಪರ್ಕದಲ್ಲಿ ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಒಮ್ಮೆಲೇ ಸುರಿಯುತ್ತದೆ. ಆಗ ರಕ್ತನಾಳಗಳು ಹಿಗ್ಗಿ ಸೋರುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಊದಿಕೊಳ್ಳುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಆದುದರಿಂದ "ಹೋದ ಸಲ ಏನೂ ಆಗಲಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ.

ಕಚ್ಚಿದ ಜಾಗ ಮಾತ್ರ ಊದಿದರೆ ಗಾಬರಿ ಬೇಡ. ಕಚ್ಚಿದ ಅಥವಾ ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ದದ್ದಿನ ಜೊತೆಗೆ ಉಬ್ಬಸ, ದನಿ ಒಡೆಯುವುದು, ನಾಲಿಗೆ ದಪ್ಪವಾಗುವುದು, ಪದೇ ಪದೇ ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದಾದರೂ ಕಂಡರೆ ತಡಮಾಡಬಾರದು. ಕೆಲವರಲ್ಲಿ ದದ್ದೇ ಏಳುವುದಿಲ್ಲ. ನೇರವಾಗಿ ಮೂರ್ಛೆ ಬರುತ್ತದೆ. 108ಕ್ಕೆ ಕರೆಮಾಡಿರಿ. ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಿರಿ. ಉಸಿರಾಡಲು ಕಷ್ಟವಾದರೆ ಕಾಲು ಚಾಚಿ ಒರಗಿ ಕುಳ್ಳಿರಿಸಬಹುದು, ವಾಂತಿಯಾಗುತ್ತಿದ್ದರೆ ಹಾಗೂ ಗರ್ಭಿಣಿಯರಾದರೆ ಎಡಮಗ್ಗುಲಿಗೆ ಮಲಗಿಸಬೇಕು. ನಿಲ್ಲಿಸಬೇಡಿ, ನಡೆಸಬೇಡಿ, ಬಾಯಿಗೆ ನೀರನ್ನೂ ಹಾಕಬೇಡಿ. ಹೆಜ್ಜೇನಿನ ಮುಳ್ಳು ಮೈಯಲ್ಲೇ ಉಳಿದು ವಿಷವನ್ನು ಇಳಿಸುತ್ತಿರುತ್ತದೆ; ಅದನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆಯಿರಿ. ಕಡಜ ಸಾಮಾನ್ಯವಾಗಿ ಮುಳ್ಳು ಬಿಡುವುದಿಲ್ಲ.

ಜೀವ ಉಳಿಸುವ ಔಷಧ ಅಡ್ರಿನಾಲಿನ್ ಒಂದೇ. ಅದನ್ನು ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಚುಚ್ಚಬೇಕು. ಗುಣ ಕಾಣದಿದ್ದರೆ ಐದು ನಿಮಿಷಗಳ ಅನಂತರ ಮತ್ತೆ ಕೊಡುತ್ತಾರೆ. ಅದು ದುಬಾರಿ ಮದ್ದೂ ಅಲ್ಲ. ಅವಿಲ್ ಮಾತ್ರೆ ತುರಿಕೆಯನ್ನು ತಗ್ಗಿಸೀತು, ಮುಚ್ಚುತ್ತಿರುವ ಗಂಟಲನ್ನು ತೆರೆಯದು. ಚೇತರಿಸಿಕೊಂಡವರನ್ನು ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರೆ. ಲಕ್ಷಣಗಳು ಮತ್ತೆ ಮರುಕಳಿಸುವುದುಂಟು. ಹಟಮಾಡಿ ಮನೆಗೆ ಕರೆತರಬೇಡಿ.

ಸಾವನದುರ್ಗದಂಥ ಬೆಟ್ಟಗಳಿಗೆ, ಜಾತ್ರೆಗಳಿಗೆ ಹೋಗುವವರು ಹೆಜ್ಜೇನಿನ ಹುಟ್ಟಿರುವೆಡೆ ಹೊಗೆ ಹಾಕುವುದು, ಪಟಾಕಿ ಹಚ್ಚುವುದು ಸಲ್ಲದು. ಎದ್ದರೆ ತಲೆ ಮುಖ ಮುಚ್ಚಿಕೊಂಡು ಓಡಿ ಮುಚ್ಚಿದ ಕೋಣೆ ಸೇರಬೇಕು. ನೂರಾರು ಮುಳ್ಳು ತಗುಲಿದವರಿಗೆ ಅಲರ್ಜಿ ಇಲ್ಲದಿದ್ದರೂ ವಿಷವೇ ಮೂತ್ರಪಿಂಡವನ್ನು ಕೆಡಿಸಬಲ್ಲದು. ಅವರನ್ನೂ ಆಸ್ಪತ್ರೆಗೆ ಸೇರಿಸಬೇಕು.

ಕೀಟಗಳಷ್ಟೇ ಕಾರಣವಲ್ಲ. ಪೆನಿಸಿಲಿನ್, ನೋವಿನ ಮಾತ್ರೆ, ಕಡಲೆಕಾಯಿ, ಗೋಡಂಬಿ, ಮೊಟ್ಟೆ, ಮೀನು ಇವೂ ಕಾರಣವಾಗಬಲ್ಲವು. ಗಿಡಮೂಲಿಕೆಯೆಂದರೆ ನಿರಪಾಯವೆಂದು ಎಣಿಸಬೇಡಿ. ನಮ್ಮ ಔಷಧಗಳೂ ಕೆಲವರಿಗೆ ಒಗ್ಗುವುದಿಲ್ಲ. ಒಗ್ಗದ ಔಷಧದ ಹೆಸರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿರಿ, ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಿರಿ.

ದಾಸೋಹದಲ್ಲಿ ಬಡಿಸುವವರಿಗೊಂದು ವಿನಂತಿ. ಪಂಕ್ತಿಯಲ್ಲಿ ಕುಳಿತ ಮಗುವೊಂದು ಕಡಲೆಕಾಯಿ ಚಟ್ನಿ ಬೇಡವೆಂದರೆ, ಪ್ರಸಾದವನ್ನು ನಿರಾಕರಿಸಬಾರದೆಂದು ಒತ್ತಾಯಿಸದಿರಿ. ತಾಯಿಯನ್ನು ಕೇಳಿರಿ. ಚಟ್ನಿ ಬಡಿಸಿದ ಸೌಟನ್ನು ಪಲ್ಯದ ಪಾತ್ರೆಗೆ ಅದ್ದದಿರಿ.